ಕಲ್ಲಿನ ಪದರ, ರೊಟ್ಟಿಯ ಸಪ್ಪಳ

ಕಲಬುರಗಿಯ ನಿಲ್ದಾಣವನ್ನು ಬಿಟ್ಟು ದಕ್ಷಿಣಾಭಿಮುಖವಾಗಿ ಹೊರಟ ರೈಲುಗಾಡಿಯಲ್ಲಿ ಕಿಟಕಿಯ ಬಳಿ ಸ್ಥಳ ದೊರೆತ ಯಾತ್ರಿಕನಿಗೆ ಮೊದಲು ಕೊಂಚ ನಿರಾಶೆಯೇ ಆದೀತು. ಕಣ್ಣು ಹರಿಯುವವರೆಗೂ ಎರೆಹೊಲ. ಋತುಮಾನಕ್ಕೆ ತಕ್ಕಂತೆ ಅದರ ಮೇಲೆ ತೊಗರಿಯ ಹಳದಿ ಹೂ, ಇಲ್ಲವೇ ಬಿಳಿಜೋಳದ ತೆನೆ. ನಡುನಡುವೆ ಒಂದೊಂದು ಬೇವು, ಒಂದೊಂದು ಜಾಲಿ. ಪರ್ವತವಿಲ್ಲ, ಸಮುದ್ರವಿಲ್ಲ, ಚಿತ್ರಗಾರನ ಕುಂಚವನ್ನು ಕೈಬೀಸಿ ಕರೆಯುವ ಯಾವ ವೈಭವವೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಹಳಿಯ ಎರಡೂ ಬದಿಗೆ ನೀಲಿಬೂದು ಬಣ್ಣದ ಚಪ್ಪಡಿಗಳ ರಾಶಿಗಳು ಕಾಣಬರುತ್ತವೆ. ಯಾರೋ ಮಹಾ ಪಂಡಿತನು ತನ್ನ ಗ್ರಂಥಭಂಡಾರವನ್ನು ಬಿಸಿಲಿಗೆ ಒಣಹಾಕಿ ಮರೆತು ಹೋದಂತಿರುವ ಆ ರಾಶಿಗಳೇ ಶಹಾಬಾದು ಬಂದಿತೆಂಬುದರ ಸೂಚನೆ.

ಇಲ್ಲಿಂದ ವಾಡಿ, ಚಿತ್ತಾಪುರ, ಸೇಡಂಗಳನ್ನು ಹಾಯ್ದು ಚಿಂಚೋಳಿಯ ಕಾಡಿನವರೆಗೆ ಹೋಗುವ ದಾರಿಯನ್ನು ಪ್ರೇಕ್ಷಣೀಯ ಸ್ಥಳಗಳನ್ನು ಅರಸುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದಿಲ್ಲ. ಕ್ರೈಸ್ತ ದೇವಾಲಯಗಳನ್ನು ನೋಡಬಯಸುವವರಂತೂ ಮಂಗಳೂರಿಗೋ ಗೋವೆಗೋ ಹೋದಾರೇ ಹೊರತು ಈ ಕಡೆ ತಲೆಹಾಕಲಾರರು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ 1.87ರಷ್ಟು ಮಾತ್ರ. ಈ ತಾಲೂಕುಗಳ ಕ್ರೈಸ್ತರು ಅಲ್ಲೊಂದು ಓಣಿ, ಇಲ್ಲೊಂದು ಕೇರಿ ಎಂಬಂತೆ ಚದುರಿದವರು. ಬಹುಮಟ್ಟಿಗೆ ಅವರು ಮೆಥೋಡಿಸ್ಟ್ ಸಭೆಗೆ ಸೇರಿದವರು, ಕಥೋಲಿಕರೂ ಉಂಟು. ಕಥೋಲಿಕರ ಗುಲ್ಬರ್ಗಾ ಧರ್ಮಪ್ರಾಂತ್ಯವು ರೂಪುಗೊಂಡಿದ್ದೇ 2005ರಲ್ಲಿ. ಆಕಾಶವನ್ನು ಚುಚ್ಚುವ ಗೋಪುರವಾಗಲಿ, ಬಣ್ಣದ ಗಾಜಿನ ಕಿಟಕಿಗಳಾಗಲಿ ಇಲ್ಲಿಯ ಭಕ್ತನ ಪಾಲಿಗೆ ಬಂದಿಲ್ಲ. ಹಾಗಾದರೆ ವಾರದ ಆರು ದಿನ ದುಡಿದು ಏಳನೆಯ ದಿನ ಒಂದು ತಾಸು ಪ್ರಾರ್ಥಿಸುವ ಈ ಜನರಿಗೆ ದೇವರು ಎಲ್ಲಿ ಕಾಣುತ್ತಾನೆ? ಆ ಒಂದು ತಾಸಿನಲ್ಲಿಯೇ, ಉಳಿದ ಆರು ದಿನಗಳಲ್ಲಿಯೇ? ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಹೊರಟವನಿಗೆ ಈ ಬರಿಯ ದಾರಿಯೂ ಬೇರೆಯಾಗಿಯೇ ಕಾಣುತ್ತದೆ.

ಶಹಾಬಾದಿನ ಕಲ್ಲಿಗೆ ಒಂದು ವಿಶೇಷವುಂಟು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿದ್ದಾಗ ಅದರ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಗೊಂಡು ಈ ಕಲ್ಲಾಯಿತು. ಆದ್ದರಿಂದ ಇದನ್ನು ಒಡೆಯುವ ಗಣಿಗಾರ ಬಲಕ್ಕಿಂತ ಹೆಚ್ಚಾಗಿ ಕಿವಿಯನ್ನೂ ಕಣ್ಣನ್ನೂ ನಂಬುತ್ತಾನೆ. ಪದರ ಎಲ್ಲಿದೆಯೆಂದು ಗುರುತಿಸಿ, ಆ ಸಂದಿಗೆ ಉಳಿಯಿಟ್ಟು, ಸುತ್ತಿಗೆಯಿಂದ ಹದವಾಗಿ ಏಟು ಕೊಟ್ಟರೆ ಕಲ್ಲು ತಾನಾಗಿ ಬಾಯಿಬಿಡುತ್ತದೆ. ಪದರವನ್ನು ಬಿಟ್ಟು ಹೊಡೆದರೆ ಪುಡಿಯಾಗುತ್ತದೆ. ಹೀಗೆ ಸೀಳಿದ ಫರಸಿಕಲ್ಲು ಕಲಬುರಗಿಯ ಬಡವನ ಮನೆಯಿಂದ ಹಿಡಿದು ಮುಂಬಯಿ ಪುಣೆಗಳ ಅಡಿಗೆಮನೆಗಳವರೆಗೆ ನೆಲಕ್ಕೆ ಹಾಸಿಕೊಂಡಿದೆ. ಕೋಟ್ಯಂತರ ವರ್ಷ ಕತ್ತಲಲ್ಲಿದ್ದ ಒಂದು ಮೈಗೆ ಮೊದಲ ಬಾರಿ ಬೆಳಕು ತಾಕುವುದನ್ನು ಪ್ರತಿದಿನ ಮೊದಲು ಕಾಣುವವನು ಆ ಗಣಿಗಾರ. ಅದನ್ನು ಕಂಡು ಒಂದು ಕ್ಷಣ ಸುಮ್ಮನಾಗುವವನಿಗೆ ಪ್ರಾರ್ಥನೆಯ ಅರ್ಥವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಲ್ಲು ಧರ್ಮಕ್ಕೆ ಹೊಸತೂ ಅಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಸಮೀಪ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಬೌದ್ಧ ಸ್ತೂಪದ ಶಿಲ್ಪಗಳೆಲ್ಲ ಇಂಥ ಸುಣ್ಣಕಲ್ಲಿನವೇ. ಅಶೋಕ ಚಕ್ರವರ್ತಿಯ ಹೆಸರನ್ನು ಹೊತ್ತ ಮೂರ್ತಿಯೂ ಅಲ್ಲಿ ದೊರೆತಿದೆ. ಎರಡು ಸಾವಿರ ವರ್ಷಗಳಿಂದ ಇಲ್ಲಿಯ ಜನ ತಮ್ಮ ಪರಮಾರ್ಥವನ್ನು ಈ ಕಲ್ಲಿನಲ್ಲಿ ಕೊರೆಯುತ್ತ ಬಂದಿದ್ದಾರೆ. ಅವರಲ್ಲಿ ಕ್ರಿಸ್ತಭಕ್ತನು ಕಡೆಗೆ ಬಂದವನು. ಆದರೆ ಉಳಿ ಸುತ್ತಿಗೆಗಳ ನಡುವೆ ನಿಂತ ಅವನಿಗೆ ತನ್ನ ಸ್ವಾಮಿ ಅಪರಿಚಿತನಲ್ಲ. ಯೇಸುವು ಊರೂರು ತಿರುಗಿ ಬೋಧಿಸಿದ್ದು ಸುಮಾರು ಮೂರು ವರ್ಷ. ಅದಕ್ಕೆ ಮೊದಲಿನ ಮೂವತ್ತು ವರ್ಷಗಳ ಬಹುಭಾಗ ಅವನು ನಜರೇತೆಂಬ ಪುಟ್ಟ ಊರಿನಲ್ಲಿ ಬಡಗಿಯ ಕೆಲಸದಲ್ಲಿದ್ದನು. ಆ ವರ್ಷಗಳ ಬಗ್ಗೆ ಸುವಾರ್ತೆಗಳು ಬಹುಮಟ್ಟಿಗೆ ಮೌನವಾಗಿವೆ. ಗಣಿಯಲ್ಲಿ ದುಡಿಯುವವನಿಗೆ ಆ ಮೌನವೇ ಒಂದು ಉಪದೇಶ. ಹೇಳಿಕೊಳ್ಳುವಂಥದೇನೂ ನಡೆಯದ ದಿನಗಳನ್ನೂ ದೇವರು ಮನುಷ್ಯರೊಡನೆ ಕಳೆದಿದ್ದಾನೆ ಎಂಬುದು ಅದರ ಸಾರ.

ಇಷ್ಟು ಹೇಳಿದ ಮಾತ್ರಕ್ಕೆ ಶಹಾಬಾದಿನ ಬದುಕು ಭಜನೆಯಂತೆ ಸಾಗುತ್ತಿದೆಯೆಂದು ತಿಳಿಯಬಾರದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಇಲ್ಲಿ ಸಿಮೆಂಟಿನ ಕಾರ್ಖಾನೆ ಎದ್ದಿತು. ಅದರ ಬೆನ್ನಿಗೆ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೂ ಬಂದಿತು. ಕಾಲಾಂತರದಲ್ಲಿ ಆ ಹಳೆಯ ಸಿಮೆಂಟು ಕಾರ್ಖಾನೆ ನಿಂತುಹೋಯಿತು. ಕಾರ್ಖಾನೆಯ ಸಿಳ್ಳಿಗೆ ಗಡಿಯಾರವನ್ನು ಹೊಂದಿಸಿಕೊಂಡಿದ್ದ ಊರಿನಲ್ಲಿ ಸಿಳ್ಳು ನಿಂತ ಬೆಳಗು ಎಂಥದು ಎಂಬುದನ್ನು ಕೆಲಸ ಕಳೆದುಕೊಂಡವರ ಮಕ್ಕಳೇ ಬಲ್ಲರು. ದುಡಿಮೆಯಲ್ಲಿ ದೇವರನ್ನು ಕಾಣುವವನಿಗೆ ದುಡಿಮೆಯೇ ಹೋದರೆ ದೇವರೂ ಹೋದನೆ? ಗೋಪುರವಿರುವ ಊರಿನ ಭಕ್ತನಿಗೆ ಈ ಪ್ರಶ್ನೆ ಬರಲಾರದು. ಶಹಾಬಾದಿನವನಿಗೆ ಬಾರದೆ ಇರಲಾರದು.

ವಾಡಿಯು ಊರಿಗಿಂತ ಮೊದಲು ಒಂದು ಕೂಡುದಾರಿ. ಮುಂಬಯಿಯಿಂದ ಬಂದ ಜಿ. ಐ. ಪಿ. ರೈಲುದಾರಿಯು 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ದಾರಿಯೊಡನೆ ಕೂಡಿಕೊಂಡಿತು. 1874ರಲ್ಲಿ ನಿಜಾಮರ ರೈಲುದಾರಿಯು ವಾಡಿಯಿಂದ ಹೈದರಾಬಾದಿನ ಕಡೆಗೆ ತೆರೆಯಿತು. ಅದೇ ಕಾಲಕ್ಕೆ ವಿಲಿಯಂ ಟೇಲರ್ ಎಂಬ ಅಮೇರಿಕೆಯ ಮೆಥೋಡಿಸ್ಟ್ ಬೋಧಕನು ಭಾರತದಲ್ಲಿ ಸಂಚರಿಸುತ್ತಿದ್ದನು. 1870ರಲ್ಲಿ ಈ ದೇಶಕ್ಕೆ ಬಂದ ಅವನು ಪರದೇಶದ ಹಣವನ್ನು ನೆಚ್ಚಿದ ಸಭೆಯನ್ನು ಒಪ್ಪುತ್ತಿರಲಿಲ್ಲ. ಡೇರೆ ಹೊಲಿದು ಹೊಟ್ಟೆ ಹೊರೆದು ಸುವಾರ್ತೆ ಸಾರಿದ ಪೌಲನೇ ಅವನಿಗೆ ಮಾದರಿ. ಬೋಧಕನು ತನ್ನ ಅನ್ನವನ್ನು ತಾನೇ ಗಳಿಸಬೇಕು, ಅಥವಾ ಕೇಳುವ ಜನರೇ ಅವನನ್ನು ಸಾಕಬೇಕು ಎಂಬುದು ಅವನ ನಿಲುವು. ರೈಲುದಾರಿಯ ಊರುಗಳ ನೌಕರರ ನಡುವೆ ಅವನ ಮಾತು ಬೇರೂರಿತು. ಈ ಸೀಮೆಯ ಮೆಥೋಡಿಸ್ಟ್ ಸಭೆಯ ಇತಿಹಾಸಕ್ಕೆ ಆರಂಭದಿಂದಲೂ ದುಡಿಮೆಯ ಬೆವರು ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಅಮೇರಿಕೆಯ ಆಡಳಿತದಲ್ಲಿದ್ದ ಆ ಸಭೆಯು 1981ರಲ್ಲಿ ಭಾರತದ ಸ್ವತಂತ್ರ ಮೆಥೋಡಿಸ್ಟ್ ಸಭೆಯಾಯಿತು.

ವಾಡಿಯ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವವರು ಹಳಿಯ ಮೇಲೆ ಒಬ್ಬಂಟಿಯಾಗಿ ನಡೆದುಹೋಗುವ ಒಬ್ಬ ನೌಕರನನ್ನು ಕಂಡಿರಬಹುದು. ಅವನನ್ನು ಕೀಮನ್ ಎನ್ನುತ್ತಾರೆ. ಹೆಗಲ ಮೇಲೆ ಸುತ್ತಿಗೆಯನ್ನು ಹೊತ್ತು, ತನಗೆ ನೇಮಿಸಿದ ದಾರಿಯುದ್ದಕ್ಕೂ ಹಳಿಯನ್ನು ಬಿಗಿಹಿಡಿದ ಕೀಲುಗಳನ್ನು ನೋಡುತ್ತ, ಸಡಿಲವಾದುದನ್ನು ಬಡಿದು ಕೂಡಿಸುತ್ತ ಹೋಗುವುದು ಅವನ ನಿತ್ಯದ ಕೆಲಸ. ಅವನು ತಪ್ಪಿದರೆ ಮಾತ್ರ ಪತ್ರಿಕೆಗಳಲ್ಲಿ ಸುದ್ದಿ. ತಪ್ಪದಿದ್ದರೆ ಏನೂ ನಡೆಯುವುದಿಲ್ಲ. ಮೇಲಿನ ಗಾಡಿಯಲ್ಲಿ ಸಾವಿರಾರು ಮಂದಿ ನಿದ್ದೆಹೋಗಿರುತ್ತಾರೆ. ಅವನ ಹೆಸರು ಅವರಾರಿಗೂ ತಿಳಿಯದು. ದೇವರ ಕೃಪೆಯನ್ನು ಕುರಿತು ಪಂಡಿತರು ಬರೆದ ದೊಡ್ಡ ಗ್ರಂಥಗಳಿವೆ. ಆದರೆ ನಾವು ಮಲಗಿದ್ದಾಗ ನಮಗಾಗಿ ನಡೆದ ಒಬ್ಬನಿದ್ದಾನೆ ಎಂಬ ಅರಿವಿಗೆ ಈ ಕೀಮನ್ನನ ಹೆಜ್ಜೆಗಿಂತ ಹತ್ತಿರದ ದೃಷ್ಟಾಂತ ದೊರೆಯುವುದು ಕಷ್ಟ. ಆಗದೆ ಹೋದ ಅಪಘಾತಗಳಿಗಾಗಿ ಕೃತಜ್ಞತೆ ಸಲ್ಲಿಸುವುದನ್ನು ರೈಲುಮನೆತನದ ಕ್ರೈಸ್ತನು ಬೇಗ ಕಲಿಯುತ್ತಾನೆ.

1968ರಲ್ಲಿ ವಾಡಿಯಲ್ಲಿಯೂ ಸಿಮೆಂಟಿನ ದೊಡ್ಡ ಕಾರ್ಖಾನೆ ಆರಂಭವಾಯಿತು. ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಬೇಯಿಸುವ ಅಲ್ಲಿಯ ಕುಲುಮೆಗೆ ಭಾನುವಾರವೆಂಬುದಿಲ್ಲ. ಒಮ್ಮೆ ಹೊತ್ತಿಸಿದ ಮೇಲೆ ಅದು ಹಗಲಿರುಳೂ ಉರಿಯಬೇಕು. ಪಾಳಿಯ ಮೇಲೆ ಪಾಳಿ ಜನ ಅದನ್ನು ಕಾಯಬೇಕು. ದೇವಾಲಯದ ಗಂಟೆ ಬಾರಿಸುವಾಗ ಕುಲುಮೆಯ ಮುಂದೆ ನಿಂತವನು ಆರಾಧನೆಗೆ ತಪ್ಪಿದವನೆ? ಮೆಥೋಡಿಸ್ಟರ ಮೂಲಪುರುಷನಾದ ಜಾನ್ ವೆಸ್ಲಿಯನ್ನು ಕೇಳಿದ್ದರೆ ಅವನು ನಕ್ಕುಬಿಡುತ್ತಿದ್ದನೋ ಏನೋ. 1739ರಲ್ಲಿ ಅವನೂ ಅವನ ಸ್ನೇಹಿತ ವೈಟ್‌ಫೀಲ್ಡನೂ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಳಿ ಕಲ್ಲಿದ್ದಲ ಗಣಿಯವರಿದ್ದೆಡೆಗೆ ತಾವೇ ಹೋಗಿ ಬಯಲಿನಲ್ಲಿ ಬೋಧಿಸಿದರು. ಮಸಿ ಮೆತ್ತಿದ ಆ ಕೆನ್ನೆಗಳ ಮೇಲೆ ಕಣ್ಣೀರು ಬಿಳಿಯ ಗೆರೆ ಎಳೆದುದನ್ನು ಕಂಡವರು ಬರೆದಿಟ್ಟಿದ್ದಾರೆ. 1791ರಲ್ಲಿ ಮರಣಶಯ್ಯೆಯಲ್ಲಿದ್ದ ವೆಸ್ಲಿಯು, ದೇವರು ನಮ್ಮೊಡನಿದ್ದಾನೆ ಎಂಬುದೇ ಎಲ್ಲಕ್ಕಿಂತ ಮಿಗಿಲೆಂದು ಹೇಳಿ ಕಣ್ಣುಮುಚ್ಚಿದನಂತೆ. ಆ ಮಾತಿನ ತೂಕವು ವಾಡಿಯ ರಾತ್ರಿಪಾಳಿಯವನಿಗೆ ತಿಳಿದಷ್ಟು ಬಿಡುವಿನಲ್ಲಿ ಕುಳಿತವನಿಗೆ ತಿಳಿದೀತೆ?

ವಾಡಿಯಲ್ಲಿ ಗಾಡಿ ಬದಲಿಸಿ ಪೂರ್ವಕ್ಕೆ ತಿರುಗಿದರೆ ಚಿತ್ತಾಪುರ. ಇಲ್ಲಿಯ ಬೆಳಗು ಕೋಳಿಯ ಕೂಗಿನಿಂದ ಆರಂಭವಾಗುವುದೋ ರೊಟ್ಟಿ ಬಡಿಯುವ ಸಪ್ಪಳದಿಂದ ಆರಂಭವಾಗುವುದೋ ಹೇಳುವುದು ಕಷ್ಟ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ, ಕೈ ಸುಟ್ಟರೂ ಬಿಡದೆ ನಾದಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹೋದರೆ ಮಾತ್ರ ಅದು ಚಂದ್ರಬಿಂಬವಾಗುತ್ತದೆ. ಮನಸ್ಸು ಒಂದಿಷ್ಟು ಆಚೀಚೆಯಾದರೆ ಅಂಚು ಒಡೆಯುತ್ತದೆ. ಕ್ರೈಸ್ತರ ಮನೆಯ ಒಲೆಯೂ ನೆರೆಯವರ ಒಲೆಯೂ ಒಂದೇ. ಪುಂಡಿಪಲ್ಯವೂ ಶೇಂಗಾಹಿಂಡಿಯೂ ಒಂದೇ. ಭೇದವಿರುವುದು ಮೊದಲ ರೊಟ್ಟಿ ಹಂಚಿನ ಮೇಲೆ ಬೀಳುವ ಮುನ್ನ ಮನೆಯೊಡತಿಯು ಸೆರಗನ್ನು ತಲೆಯ ಮೇಲೆಳೆದುಕೊಂಡು ಕಣ್ಣು ಮುಚ್ಚುವ ಅರೆಗಳಿಗೆಯಲ್ಲಿ. ದೇವರೆಲ್ಲಿದ್ದಾನೆಂದು ಅಂಥ ಒಬ್ಬ ತಾಯಿಯನ್ನು ಕೇಳಿದರೆ ವೇದಾಂತವೇನೂ ಬರಲಾರದು. “ಎಲ್ಲಿ ಇರ್ತಾನ್ರೀ ಯಪ್ಪಾ, ಇಲ್ಲೇ ಒಲಿ ಮುಂದ ಹಾನ್ರಿ. ಹುಡುಗ್ರು ಉಂಡು ಏಳೂತನಕ ಅಂವನೂ ಏಳಂಗಿಲ್ಲ” ಎಂಬಂಥ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಈ ಉತ್ತರದ ಹಿಂದೆ ಸುವಾರ್ತೆಯ ಒಂದು ಪ್ರಯಾಣದ ಕತೆಯಿದೆ. ಯೇಸುವು ಶಿಲುಬೆಯ ಮೇಲೆ ಸತ್ತ ಮೂರನೆಯ ದಿನ ಇಬ್ಬರು ಶಿಷ್ಯರು ಎಮ್ಮಾಹು ಎಂಬ ಹಳ್ಳಿಗೆ ನಡೆದುಹೋಗುತ್ತಿರುತ್ತಾರೆ. ಅಪರಿಚಿತನೊಬ್ಬನು ಜೊತೆಗೂಡಿ ಶಾಸ್ತ್ರಗಳನ್ನೆಲ್ಲ ವಿವರಿಸಿದರೂ ಅವನಾರೆಂದು ಅವರಿಗೆ ಹೊಳೆಯುವುದಿಲ್ಲ. ಹೊತ್ತು ಮುಳುಗಿತು, ನಮ್ಮಲ್ಲಿಯೇ ಉಳಿಯಬೇಕೆಂದು ಅವರು ಒತ್ತಾಯಿಸುತ್ತಾರೆ. ಊಟಕ್ಕೆ ಕುಳಿತು ಆ ಅತಿಥಿಯು ರೊಟ್ಟಿಯನ್ನು ಮುರಿದು ಕೊಟ್ಟಾಗಲೇ ಅವರ ಕಣ್ಣು ತೆರೆಯುವುದು. ವ್ಯಾಖ್ಯಾನದಲ್ಲಿ ಗುರುತು ಸಿಗದವನು ರೊಟ್ಟಿಯಲ್ಲಿ ಸಿಕ್ಕಿದನು. ಜೋಳದ ನಾಡಿನ ಹೆಂಗಸರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ.

ಮುಂದೆ ಮಳಖೇಡ ರೋಡ್ ನಿಲ್ದಾಣ. ಕಾಗಿಣಾ ನದಿಯ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹುಟ್ಟಿದ್ದು ಇಲ್ಲಿಯ ಅರಮನೆಯ ಆಶ್ರಯದಲ್ಲಿ. ಇಂದು ಮುರಿದ ಕೋಟೆಯ ಸುತ್ತಮುತ್ತ ಜೈನ ಬಸದಿಯೂ ಉತ್ತರಾದಿ ಮಠವೂ ದರ್ಗಾವೂ ಒಂದರ ನೆರಳಿನಲ್ಲಿ ಒಂದಿವೆ. ಓದದೆಯೂ ಕಾವ್ಯದ ಹದವನ್ನು ಬಲ್ಲ ಜನರೆಂದು ಆ ಗ್ರಂಥವು ಕನ್ನಡಿಗರನ್ನು ಹೊಗಳಿತ್ತು. ಸತ್ಯವೇದವು ಸಮಗ್ರವಾಗಿ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ನಿಘಂಟುಕಾರ ಕಿಟ್ಟೆಲರು ಕ್ರಿಸ್ತನ ಚರಿತೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ಷಟ್ಪದಿಯಲ್ಲಿ ಹಾಡಿದ್ದು 1862ರಲ್ಲಿ. ಆದರೆ ಈ ಸೀಮೆಯಲ್ಲಿ ಸುವಾರ್ತೆಯು ಪುಸ್ತಕಕ್ಕಿಂತ ಹೆಚ್ಚಾಗಿ ಕಿವಿಯಿಂದ ಕಿವಿಗೆ ನಡೆಯಿತು. ಅಕ್ಷರ ತಿಳಿಯದ ಅಜ್ಜಿಯರು ಬಾಯಿಪಾಠವಾಗಿ ಹಾಡುವ ಕೀರ್ತನೆಗಳಲ್ಲಿ ಆ ಹಳೆಯ ಹೊಗಳಿಕೆ ಇನ್ನೂ ಸುಳ್ಳಾಗಿಲ್ಲ.

ನೆರೆಹೊರೆಯ ಧರ್ಮವೂ ಇಲ್ಲಿಯ ಕ್ರೈಸ್ತನಿಗೆ ಕಲಿಸಿದ್ದುಂಟು. ಕಾಯಕವನ್ನೇ ಪೂಜೆಯೆಂದು ಸಾರಿದ ಶರಣರ ಕಲ್ಯಾಣವು ಇಲ್ಲಿಂದ ದೂರವಿಲ್ಲ. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ ಕಡುಬುಗಳನ್ನು ಉಂಡು ಬರುತ್ತದೆ. ಕ್ರಿಸ್‌ಮಸ್ಸೂ ತೊಗರಿಯ ಸುಗ್ಗಿಯೂ ಅದರ ಆಸುಪಾಸಿನಲ್ಲಿಯೇ ಬರುತ್ತವೆ. ಚರಗದ ಪೂಜೆಯಲ್ಲಿ ಕ್ರೈಸ್ತನು ಕೈಜೋಡಿಸದೆ ಇದ್ದಾನು. ಆದರೆ ಹೊಲದ ಬೆಳೆಯು ಮನುಷ್ಯನ ಜಾಣತನದಿಂದಷ್ಟೇ ಬಂದುದಲ್ಲ ಎಂಬ ಮಾತಿನಲ್ಲಿ ಅವನಿಗೂ ಒಕ್ಕಲಿಗನಿಗೂ ಭಿನ್ನಾಭಿಪ್ರಾಯವಿಲ್ಲ. ಕರ್ನಾಟಕದ ಹಲವು ಸಭೆಗಳಲ್ಲಿ ಸುಗ್ಗಿಯ ಹಬ್ಬದ ದಿನ ಜೋಳದ ತೆನೆ, ತೊಗರಿ, ಕುಂಬಳಕಾಯಿ, ಕೋಳಿ ಮುಂತಾದವನ್ನು ತಂದು ದೇವರ ಮುಂದಿಟ್ಟು, ಬಳಿಕ ಹರಾಜು ಹಾಕುವ ಪದ್ಧತಿಯುಂಟು. ದೇವಾಲಯವು ಸಂತೆಯಂತಾಗುವ ಆ ದಿನ ಮಕ್ಕಳಿಗಾಗುವ ಸಂತೋಷವನ್ನು ನೋಡಿಯೇ ತಿಳಿಯಬೇಕು.

ಸೇಡಮ್ಮಿಗೆ ಬಂದಾಗ ಯಾತ್ರಿಕನು ಒಂದು ಕಠಿಣ ಮಾತನ್ನು ಎದುರಿಸಲೇಬೇಕು. ಈ ಸೀಮೆಯ ಕ್ರೈಸ್ತರಲ್ಲಿ ಅನೇಕರ ಪೂರ್ವಜರು ಊರ ಹೊರಗಿನ ಕೇರಿಗಳಲ್ಲಿ ಇರಿಸಲ್ಪಟ್ಟವರು. ಅಂಥವರಿಗೆ, ದೇವರು ನಿಮ್ಮ ಕೇರಿಗೇ ಬಂದಿದ್ದಾನೆ ಎಂಬ ಸುದ್ದಿ ಎಷ್ಟು ದೊಡ್ಡದಾಗಿ ಕೇಳಿಸಿರಬೇಕು! ಆದರೆ ಆ ಸುದ್ದಿಗೆ ಬೆಲೆಯನ್ನೂ ತೆರಬೇಕಾಯಿತು. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಸೌಲಭ್ಯವು ಹಿಂದೂಗಳಿಗೆ ಮೀಸಲಾಯಿತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಿಲ್ಲ. ಮತ ಬದಲಾದರೂ ಊರ ಬಾವಿಯ ಕಣ್ಣು ಬದಲಾಗದಿದ್ದಾಗ ಕಾಗದದ ಮೇಲೆ ಮಾತ್ರ ಜಾತಿ ಅಳಿಸಿಹೋಗುತ್ತದೆ. ಮಕ್ಕಳ ಶಾಲೆಯ ಅರ್ಜಿಯಲ್ಲಿ ಧರ್ಮದ ಕಲಮನ್ನು ತುಂಬುವಾಗ ತಂದೆಯ ಲೇಖನಿ ಒಂದು ಕ್ಷಣ ತಡೆಯುತ್ತದೆ. ಅವನ ಭಕ್ತಿಯ ನಿಜವಾದ ಪರೀಕ್ಷೆ ಅಲ್ಲಿಯೇ.

ದಿನದಿನದ ದುಡಿಮೆಯಲ್ಲಿ ದೇವರಿದ್ದಾನೆ ಎಂಬ ಮಾತನ್ನು ದಣಿಗಳು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುವ ಅಪಾಯವೂ ಇಲ್ಲದಿಲ್ಲ. ಗಣಿಯ ಧೂಳಿನಲ್ಲಿ ದೇವರಿದ್ದಾನೆ, ಆದ್ದರಿಂದ ಧೂಳನ್ನು ಸಹಿಸಿಕೊ ಎಂದು ಹೇಳುವುದು ಸುಲಭ. ಸತ್ಯವೇದವು ಅದಕ್ಕೆ ಆಸ್ಪದ ಕೊಟ್ಟಿಲ್ಲ. ಕೂಲಿಯವನಿಂದ ಹಿಡಿದಿಟ್ಟ ಕೂಲಿಯು ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ಕುರಿಗಾಹಿಯಾಗಿದ್ದ ಆಮೋಸನೆಂಬ ಪ್ರವಾದಿಯು ಕಳ್ಳ ಅಳತೆಯ ವ್ಯಾಪಾರಿಗಳನ್ನು ಹೆಸರಿಟ್ಟು ಬೈದಂತೆ ಬೈದನು. ಸುಗ್ಗಿಯಲ್ಲಿ ಹೊಲದ ಅಂಚನ್ನು ಕೊಯ್ಯದೆ ಬಡವರು ಹಕ್ಕಲು ಆಯುವುದಕ್ಕೆ ಬಿಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರ. ಹಾಗೆ ಹಕ್ಕಲು ಆಯ್ದ ರೂತಳೆಂಬ ಪರದೇಶದ ವಿಧವೆಯು ದಾವೀದ ಅರಸನ ಮುತ್ತಜ್ಜಿಯಾದಳು. ದುಡಿಮೆಯಲ್ಲಿ ದೇವರನ್ನು ಕಾಣುವವನು ದುಡಿಯುವವನಲ್ಲಿಯೂ ಅವನನ್ನು ಕಾಣಬೇಕು. ಹಾಗೆ ಕಂಡಾಗ ಕೆಲಸ ಹೋದ ನೆರೆಯವನ ಮನೆಗೆ ಒಂದು ಸೇರು ಜೋಳ ಕಳಿಸುವ ಕೈಯಲ್ಲಿ ಶಹಾಬಾದಿನ ಪ್ರಶ್ನೆಗೆ ಅರ್ಧ ಉತ್ತರವಾದರೂ ದೊರೆಯುತ್ತದೆ.

ಈ ದಾರಿಯೇ ರಾಜ್ಯದ ಗಡಿಯನ್ನು ದಾಟಿ ತಾಂಡೂರಿನ ಮೇಲೆ ಧಾರೂರಿಗೆ ಹೋಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿಯೇ ಇದ್ದಿತು. ಧಾರೂರಿನಲ್ಲಿ ಪ್ರತಿ ನವೆಂಬರಿನಲ್ಲಿ ಮೆಥೋಡಿಸ್ಟರ ಜಾತ್ರೆ ಸೇರುತ್ತದೆ. ಸುಮಾರು ನೂರು ವರ್ಷಗಳ ಸಂಪ್ರದಾಯವದು. ಕನ್ನಡ, ತೆಲುಗು ಎರಡೂ ಬಲ್ಲ ಜನ ಅಡಿಗೆಯ ಪಾತ್ರೆ, ಚಾಪೆ, ಕೂಸುಗಳ ಸಮೇತ ಬಂದು ಮರಗಳ ಕೆಳಗೆ ಬಿಡಾರ ಹೂಡುತ್ತಾರೆ. ಅಲ್ಲಿಯೂ ಮೂರು ಕಲ್ಲಿನ ಒಲೆ, ಅಲ್ಲಿಯೂ ಹೊಗೆ, ಮಕ್ಕಳ ಗದ್ದಲ. ಮನೆಯನ್ನು ಬಿಟ್ಟು ದೇವರ ಬಳಿ ಹೋಗುವುದಕ್ಕಿಂತ ಮನೆಯನ್ನೇ ಹೊತ್ತುಕೊಂಡು ಹೋಗುವ ಯಾತ್ರೆಯಿದು.

ಚಿಂಚೋಳಿಗೆ ರೈಲಿಲ್ಲ. ಸೇಡಮ್ಮಿನಿಂದ ಸುಲೇಪೇಟೆಯ ಮೇಲೆ ಹೋಗುವ ಬಸ್ಸು ಎರೆಭೂಮಿಯನ್ನು ದಾಟಿ ಕೆಂಪು ಮಣ್ಣಿನ ಗುಡ್ಡಗಳ ಸೀಮೆಗೆ ತಂದು ಬಿಡುತ್ತದೆ. ಇಲ್ಲಿಯ ಸುಮಾರು 135 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ನಡುವೆ ಚಂದ್ರಂಪಳ್ಳಿಯ ಜಲಾಶಯ, ಅಲ್ಲಲ್ಲಿ ಲಂಬಾಣಿ ತಾಂಡಾಗಳು. ಮಳೆಗಾಲದಲ್ಲಿ ಹಸಿರು ಉಕ್ಕುವ ಈ ಕಾಡು ಬೇಸಗೆಯಲ್ಲಿ ಎಲೆ ಕಳಚಿ ಬರಿಮೈಯಲ್ಲಿ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಬಂದ ಯಾತ್ರಿಕನು ತಪ್ಪು ಕಾಲಕ್ಕೆ ಬಂದೆನೆಂದು ಕೊರಗಬಹುದು.

ಆದರೆ ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ನಿಕೊಲಾಸ್ ಹೆರ್ಮನ್ ಎಂಬ ಹದಿನೆಂಟರ ತರುಣನಿಗೆ ದೇವರ ಅರಿವಾದದ್ದು ಇಂಥ ಒಂದು ಮರದಿಂದಲೇ. ಚಳಿಗಾಲದಲ್ಲಿ ಎಲೆ ಉದುರಿ ನಿಂತ ಮರವನ್ನು ನೋಡುತ್ತ, ಇನ್ನು ಕೆಲವು ದಿನಗಳಲ್ಲಿ ಇದು ಚಿಗುರುತ್ತದೆ, ಹೂ ಬಿಡುತ್ತದೆ, ಹಣ್ಣಾಗುತ್ತದೆ ಎಂದು ಅವನಿಗೆ ಹೊಳೆಯಿತು. ಆ ಹೊಳಹು ಸಾಯುವವರೆಗೂ ಆರಲಿಲ್ಲ. ಸಿಪಾಯಿಯಾಗಿ ಗಾಯಗೊಂಡು, ಕಡೆಗೆ ಪ್ಯಾರಿಸಿನ ಒಂದು ಮಠವನ್ನು ಸೇರಿ ಸಹೋದರ ಲಾರೆನ್ಸನೆಂಬ ಹೆಸರು ಪಡೆದ ಅವನು ಅನೇಕ ವರ್ಷ ಅಡಿಗೆಮನೆಯಲ್ಲಿ ದುಡಿದನು. ಮುಪ್ಪಿನಲ್ಲಿ ಮಠದವರ ಹರಿದ ಪಾದರಕ್ಷೆಗಳನ್ನು ಹೊಲಿದನು. ಅಡಿಗೆಯ ಕೆಲಸ ಅವನಿಗೆ ಸ್ವಭಾವತಃ ಇಷ್ಟವಿರಲಿಲ್ಲವೆಂಬುದನ್ನು ಗಮನಿಸಬೇಕು. ಆದರೂ ಪಾತ್ರೆಗಳ ಗದ್ದಲದ ನಡುವೆ ದೇವರೊಡನೆ ಮಾತಾಡುತ್ತ ಮಾತಾಡುತ್ತ, ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂಬ ಭೇದವೇ ಅವನಲ್ಲಿ ಅಳಿದುಹೋಯಿತು. 1691ರಲ್ಲಿ ಅವನು ತೀರಿಕೊಂಡ ಮೇಲೆ ಇತರರು ಸಂಗ್ರಹಿಸಿದ ಅವನ ಮಾತುಗಳನ್ನೂ ಪತ್ರಗಳನ್ನೂ ಜಗತ್ತು ಇಂದಿಗೂ ಓದುತ್ತಿದೆ.

ಲಾರೆನ್ಸನು ಕಾಗಿಣೆಯನ್ನು ಕಂಡವನಲ್ಲ. ಕಾಗಿಣೆಯ ದಂಡೆಯ ತಾಯಂದಿರು ಲಾರೆನ್ಸನ ಹೆಸರು ಕೇಳಿದವರಲ್ಲ. ಇಬ್ಬರೂ ಒಂದೇ ಒಲೆಯ ಮುಂದೆ ಕುಳಿತವರೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಚಿಂಚೋಳಿಯ ಕಾಡಿನ ಬೋಳು ಕೊಂಬೆಗಳ ಹಿಂದೆ ಹೊತ್ತು ಮುಳುಗುವಾಗ ತಾಂಡಾಗಳಲ್ಲಿ ಒಂದೊಂದಾಗಿ ಹೊಗೆ ಏಳುತ್ತದೆ. ಅತ್ತ ವಾಡಿಯಲ್ಲಿ ರಾತ್ರಿಪಾಳಿಯವರು ಬುತ್ತಿಯನ್ನು ಕೈಗೆತ್ತಿಕೊಂಡು ಹೊರಟಿರುತ್ತಾರೆ; ಇತ್ತ ಸೇಡಮ್ಮಿನಲ್ಲಿ ಹಿಟ್ಟಿನ ಪರಾತಕ್ಕೆ ಬಿಸಿನೀರು ಬೀಳುತ್ತಿರುತ್ತದೆ. ಇನ್ನೊಂದು ಗಳಿಗೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಓಣಿಯ ಉದ್ದಕ್ಕೂ ಕೇಳಿಬರುತ್ತದೆ.